ಛಾಯಾಗ್ರಾಹಕ ಟಿ. ಎಸ್. ಸತ್ಯನ್: ಚಿತ್ರದ ನಡುವೆ ಮತ್ತು ಅಂಚಿನಲ್ಲಿ

ಶಿಲಾಶಾಸನ, ತಾಮ್ರಪಟ, ಕಡತ, ಕೈಫಿಯತ್ತುಗಳನ್ನು ಚರಿತ್ರೆಯ ಆಕರಗಳೆಂದು ಒಪ್ಪಿ, ಅವುಗಳ ಅಕ್ಷರ ಅಕ್ಷರವನ್ನೂ ಪರಿಶೀಲಿಸುವ ನಮ್ಮ ವಿದ್ವಾಂಸರು ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಅಷ್ಟು ಆದರವನ್ನು ತೋರಿಸಿಲ್ಲ. ಗ್ರಂಥದ ಮೊದಲಲ್ಲಿ ಒಂದು, ನಡುವೆ ನಾಲ್ಕು ಚಿತ್ರಗಳನ್ನು ಅಲಂಕಾರಕ್ಕೆಂದು ಸೇರಿಸಿ, ಅಡಿಯಲ್ಲಿ ಒಂದು ಹೆಸರನ್ನು ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವುದೇ ವಾಡಿಕೆಯಾಗಿದೆ. ತೆಗೆದವರು ಯಾರು, ಯಾವ ದಿನ, ಯಾರ ಅಪೇಕ್ಷೆಯಿಂದ, ಪಕ್ಕದಲ್ಲಿ ನಿಂತವರು ಯಾರು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವನಿಗೆ ಈ ಅಲಕ್ಷ್ಯದಿಂದ ಆಗುವ ನಷ್ಟ ಸಣ್ಣದಲ್ಲ. ದೊರೆಗಳು, ಮಂತ್ರಿಗಳು, ಸಾಹಿತಿಗಳು ಎಲ್ಲರನ್ನೂ ತಮ್ಮ ಕ್ಯಾಮರಾದ ಮುಂದೆ ಕಂಡ ಮೈಸೂರಿನ ಟಿ. ಎಸ್. ಸತ್ಯನ್ ಅವರ ವೃತ್ತಿಜೀವನವನ್ನು ಈ ದೃಷ್ಟಿಯಿಂದ ಒಮ್ಮೆ ಅವಲೋಕಿಸಬೇಕೆಂಬುದು ಪ್ರಸ್ತುತ ಲೇಖನದ ಉದ್ದೇಶ.

ಚೆನ್ನೈಯಲ್ಲಿ ಕುಳಿತು ಮೈಸೂರಿನ ಛಾಯಾಗ್ರಾಹಕರೊಬ್ಬರ ಮಾತನ್ನೆತ್ತುವುದು ಅಸಂಗತವೆಂದು ವಾಚಕರು ಭಾವಿಸಬಾರದು. ಈ ಕಲೆಯ ಮಟ್ಟಿಗೆ ಕನ್ನಡನಾಡಿಗೂ ಮದರಾಸಿಗೂ ಇರುವ ನಂಟು ಹಳೆಯದು. 1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನ್ನೀಯಸ್ ಟ್ರೈಪ್ ಎಂಬವನು ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಹೋಗಿ ಅಲ್ಲಿನ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಮರುವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಇವುಗಳಲ್ಲಿ 68 ಚಿತ್ರಗಳು ಪ್ರದರ್ಶಿತವಾಗಿ, ಕಾಗದದ ಮೇಲೆ ಮೂಡಿಸಿದ ದೃಶ್ಯಗಳಲ್ಲಿ ಇವೇ ಶ್ರೇಷ್ಠವೆಂಬ ತೀರ್ಪನ್ನು ಪಡೆದವು. ಹೊಯ್ಸಳ ಶಿಲ್ಪಿಯ ಉಳಿಯ ಗುರುತನ್ನು ಮದರಾಸಿನ ಜನ ಕಾಗದದ ಮೇಲೆ ಕಂಡುದು ಹೀಗೆ. 1856ರಲ್ಲಿ ಮದರಾಸಿನಲ್ಲಿ ಛಾಯಾಗ್ರಾಹಕರ ಸಂಘವೊಂದು ಸ್ಥಾಪಿತವಾಯಿತು. ಅದೇ ವರ್ಷ ಟ್ರೈಪನು ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡನು. ಆದರೆ 1860ರ ಹೊತ್ತಿಗೆ ಗವರ್ನರ್ ಟ್ರೆವಿಲ್ಯನ್ ಇದನ್ನು ವಿಲಾಸದ ವೆಚ್ಚವೆಂದು ಬಗೆದು ಆ ಇಲಾಖೆಯನ್ನೇ ನಿಲ್ಲಿಸಿಬಿಟ್ಟನು. ವೆಚ್ಚ ಕಡಿತದ ಪ್ರಸಂಗ ಬಂದಾಗ ಚರಿತ್ರೆಯ ಬಾಬಿಗೇ ಮೊದಲು ಕತ್ತರಿ ಬೀಳುವುದು ಇಂದಿನ ಪದ್ಧತಿಯೇನಲ್ಲ.

ಟ್ರೈಪನ ಚಿತ್ರಗಳಲ್ಲಿ ಕಟ್ಟಡವುಂಟು, ಮನುಷ್ಯರು ವಿರಳ. ಮೇಣ ಸವರಿದ ಕಾಗದದ ನೆಗೆಟಿವ್ ಮೇಲೆ ಬಿಂಬ ಮೂಡಬೇಕಾದರೆ ಎಷ್ಟೋ ಹೊತ್ತು ಬೇಕಾಗುತ್ತಿತ್ತು. ದೇವಾಲಯವಾದರೆ ಕದಲದೆ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಅವನನ್ನು ನಿಲ್ಲಿಸುವುದಕ್ಕಾಗಿಯೇ ಸ್ಟುಡಿಯೋ ಹುಟ್ಟಿತೆನ್ನಬಹುದು. ಮದರಾಸಿನ ವೀಲ್ ಮತ್ತು ಕ್ಲೈನ್ ಸಂಸ್ಥೆ, ಇದೇ ಊರಿನಲ್ಲಿ ಆರಂಭವಾಗಿ ಬೆಂಗಳೂರಿಗರಿಗೆ ಮನೆಮಾತಾದ ಜಿ. ಕೆ. ವೇಲ್ ಸಂಸ್ಥೆ ಮುಂತಾದವುಗಳ ಚಿತ್ರಗಳನ್ನು ಹಳೆಯ ಮನೆಗಳ ಗೋಡೆಗಳ ಮೇಲೆ ಕಂಡವರು ಅನೇಕರಿರಬೇಕು. ಬಣ್ಣ ಬಳಿದ ಪರದೆ, ಸಣ್ಣದೊಂದು ಮೇಜು, ಅದರ ಮೇಲೊಂದು ಪುಸ್ತಕ, ಕೈಯಲ್ಲಿ ಬೆತ್ತ, ಜರಿಪೇಟ, ಎದೆಯ ಮೇಲೆ ಪದಕ. ಕುಳಿತವರು ಲೋಕಕ್ಕೆ ತಾವು ಹೇಗೆ ಕಾಣಬೇಕೆಂದು ಇಚ್ಛಿಸಿದರೋ ಹಾಗೆಯೇ ಕಂಡರು. ಛಾಯಾಗ್ರಾಹಕನ ಪಾತ್ರ ಇಲ್ಲಿ ಒಳ್ಳೆಯ ದರ್ಜಿಯ ಪಾತ್ರಕ್ಕಿಂತ ಹೆಚ್ಚಿನದಲ್ಲ.

ಈ ಸ್ಥಿತಿಯನ್ನು ಬದಲಿಸಿದುದು ಕೈಯಲ್ಲಿ ಹಿಡಿದು ಓಡಾಡಬಹುದಾದ ಕ್ಯಾಮರಾ. 1925ರಲ್ಲಿ ಜರ್ಮನಿಯ ಲೈಕಾ ಮಾರಾಟಕ್ಕೆ ಬಂದಿತು; 1936ರಲ್ಲಿ ಅಮೆರಿಕದ 'ಲೈಫ್' ಪತ್ರಿಕೆ ಚಿತ್ರಗಳ ಮೂಲಕವೇ ಸುದ್ದಿಯನ್ನು ಹೇಳುವ ವಾರಪತ್ರಿಕೆಯಾಗಿ ರೂಪುಗೊಂಡಿತು. ಸತ್ಯನ್ ಅವರ ತಲೆಮಾರು ಕಣ್ಣು ತೆರೆದುದು ಈ ಹೊಸ ಯುಗದಲ್ಲಿ.

ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್ ಎಂಬುದು ಅವರ ಪೂರ್ಣನಾಮ. 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನನ. ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ. ಆ ಕಾಲೇಜಿನ ಪದವೀಧರರು ಸರ್ಕಾರಿ ನೌಕರಿಯನ್ನೋ ಅಧ್ಯಾಪಕ ವೃತ್ತಿಯನ್ನೋ ಹಿಡಿಯುವುದು ಅಂದಿನ ಸಹಜಗತಿ. ಪದವಿಯನ್ನು ಪಡೆದ ತರುಣನೊಬ್ಬನು ಕ್ಯಾಮರಾವನ್ನು ಹೆಗಲಿಗೇರಿಸಿಕೊಂಡು ಬೀದಿ ಬೀದಿ ಸುತ್ತುವುದನ್ನು ಮೈಸೂರಿನ ಗೃಹಸ್ಥರು ಮೆಚ್ಚುಗೆಯಿಂದ ಕಂಡಿರಲಾರರು. ನನ್ನ ವೃತ್ತಿಯ ಬಂಧುಗಳಿಗೆ ಇದರ ಮರ್ಮ ತಿಳಿದೀತು: ಮಾಸಾಂತ್ಯದ ಸಂಬಳ, ವರ್ಷಾಂತ್ಯದ ಬಡ್ತಿ, ನಿವೃತ್ತಿಯ ವೇತನ ಈ ಮೂರನ್ನೂ ಬಿಟ್ಟು ನಡೆಯುವ ಧೈರ್ಯ ನಮ್ಮಂಥವರಿಗೆ ಸುಲಭವಾಗಿ ಬರುವುದಿಲ್ಲ.

1948ನೆಯ ವರ್ಷ ಭಾರತದ ಛಾಯಾಗ್ರಹಣದ ಚರಿತ್ರೆಯಲ್ಲಿ ನೆನಪಿಡತಕ್ಕದ್ದು. ಆ ವರ್ಷದ ಜನವರಿ 30ರಂದು ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸಾನ್ ಗಾಂಧೀಜಿಯವರನ್ನು ಕಂಡು, ತಮ್ಮ ಚಿತ್ರಗಳ ಪುಸ್ತಕವನ್ನು ತೋರಿಸಿ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಮಹಾತ್ಮರ ಹತ್ಯೆಯಾಯಿತು. ಅದೇ ವರ್ಷದ ಜೂನ್ 17ರಂದು ಬೆಂಗಳೂರಿನಲ್ಲಿ ಕೆ. ಎನ್. ಗುರುಸ್ವಾಮಿಯವರು 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯನ್ನು ಸ್ಥಾಪಿಸಿದರು. ಪೋತನ್ ಜೋಸೆಫ್ ಅದರ ಪ್ರಥಮ ಸಂಪಾದಕರು. ಸತ್ಯನ್ ಅಲ್ಲಿ ಛಾಯಾಗ್ರಾಹಕರಾಗಿ ಸೇರಿದರು.

ಪತ್ರಿಕೆಯ ಛಾಯಾಗ್ರಾಹಕನ ಕೆಲಸವೆಂದರೆ ಏನೆಂಬುದನ್ನು ಇಂದಿನ ತರುಣರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಚಿತ್ರ ಬಂದಿತೋ ಇಲ್ಲವೋ ಎಂಬುದು ತೆಗೆದ ಕ್ಷಣದಲ್ಲಿ ತಿಳಿಯುತ್ತಿರಲಿಲ್ಲ. ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ರಸಾಯನದಲ್ಲಿ ಅದ್ದಿ, ತೊಳೆದು, ಒಣಗಿಸಿ, ಕಾಗದದ ಮೇಲೆ ಮುದ್ರಿಸಿದಾಗಲೇ ಫಲ ಕೈಗೆ ಸಿಕ್ಕುವುದು. ಅಲ್ಲಿಂದ ಅದು ಬ್ಲಾಕ್ ಮಾಡುವವರ ವಿಭಾಗಕ್ಕೆ ಹೋಗಿ, ಸತುವಿನ ತಗಡಿನ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕೊರೆಯಲ್ಪಟ್ಟು, ಅಚ್ಚಿನ ಮೊಳೆಗಳ ನಡುವೆ ಕೂರಬೇಕು. ಇಷ್ಟೆಲ್ಲವೂ ಪತ್ರಿಕೆ ಯಂತ್ರಕ್ಕೇರುವ ಮೊದಲು ಮುಗಿಯಬೇಕು. ಮಂತ್ರಿಗಳು ದೀಪ ಹಚ್ಚುವುದು ಒಮ್ಮೆ ಮಾತ್ರ. ಬಲ್ಬು ಉರಿಯದೆ ಹೋದರೆ ದೀಪ ಇನ್ನೊಮ್ಮೆ ಹತ್ತುವುದಿಲ್ಲ. ಒಂದು ಸಮಾರಂಭಕ್ಕೆ ಇಂತಿಷ್ಟೇ ಫಿಲ್ಮ್ ಎಂಬ ಮಿತವ್ಯಯವೂ ಇತ್ತು. ಆದುದರಿಂದಲೇ ಆ ಕಾಲದ ಛಾಯಾಗ್ರಾಹಕ ಗುಂಡಿಯನ್ನು ಒತ್ತುವುದಕ್ಕಿಂತ ಹೆಚ್ಚು ಹೊತ್ತನ್ನು ಕಾಯುವುದರಲ್ಲಿ ಕಳೆಯುತ್ತಿದ್ದನು.

ಬೆಂಗಳೂರಿನಿಂದ ಸತ್ಯನ್ ಮುಂಬಯಿಗೆ ಹೋಗಿ, ಸಿ. ಆರ್. ಮ್ಯಾಂಡಿಯವರ ಸಂಪಾದಕತ್ವದಲ್ಲಿದ್ದ 'ಇಲಸ್ಟ್ರೇಟೆಡ್ ವೀಕ್ಲಿ' ಪತ್ರಿಕೆಯನ್ನು ಸೇರಿದರು. ಚಿತ್ರಗಳಿಗೆ ಅಂದು ಅಷ್ಟು ವಿಶಾಲವಾದ ಪುಟಗಳನ್ನು ಕೊಡುತ್ತಿದ್ದ ಪತ್ರಿಕೆ ದೇಶದಲ್ಲಿ ಬೇರೊಂದಿರಲಿಲ್ಲವೆಂದೇ ಹೇಳಬೇಕು. ಅಲ್ಲಿಯೂ ಅವರು ಬಹುಕಾಲ ನಿಲ್ಲಲಿಲ್ಲ. ಸಂಬಳದ ಕೆಲಸವನ್ನು ತೊರೆದು ಸ್ವತಂತ್ರ ಛಾಯಾಗ್ರಾಹಕರಾಗಿ, ದೆಹಲಿಯಲ್ಲಿ ನೆಲಸಿ, ನ್ಯೂಯಾರ್ಕಿನ ಬ್ಲಾಕ್ ಸ್ಟಾರ್ ಸಂಸ್ಥೆಯ ಮೂಲಕ 'ಲೈಫ್', 'ಟೈಮ್' ಮೊದಲಾದ ಪತ್ರಿಕೆಗಳಿಗೆ ಚಿತ್ರಗಳನ್ನೊದಗಿಸಿದರು.

ಈ ನಿರ್ಧಾರಕ್ಕೆ ಕಾನೂನಿನ ದೃಷ್ಟಿಯಿಂದಲೂ ಒಂದು ಮಹತ್ತ್ವವಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಪತ್ರಿಕೆಯ ನೌಕರನು ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಪತ್ರಿಕೆಯ ಒಡೆಯನದು; ಹಣ ಕೊಟ್ಟು ತೆಗೆಸಿಕೊಂಡ ಚಿತ್ರದ ಹಕ್ಕು ತೆಗೆಸಿಕೊಂಡವನದು. ಹೀಗಾಗಿ ಸ್ಟುಡಿಯೋದವರ ಚಿತ್ರ ಗಿರಾಕಿಗೆ ಸೇರಿತು, ಪತ್ರಿಕಾಲಯದವರ ಚಿತ್ರ ಪತ್ರಿಕೆಯ ಕಪಾಟಿಗೆ ಸೇರಿತು. ತನ್ನ ನೆಗೆಟಿವ್‌ಗಳಿಗೆ ತಾನೇ ಒಡೆಯನಾಗಿ, ಅವುಗಳನ್ನು ಮನೆಯಲ್ಲಿಟ್ಟುಕೊಂಡು, ಮೂವತ್ತು ವರ್ಷಗಳ ಅನಂತರ ಹೊರತೆಗೆದು ಪುನಃ ನೋಡುವ ಅವಕಾಶವಿದ್ದುದು ಸ್ವತಂತ್ರನಾದವನಿಗೆ ಮಾತ್ರ. ಸತ್ಯನ್ ಅವರ ವೃದ್ಧಾಪ್ಯದ ಗ್ರಂಥಗಳಿಗೆಲ್ಲ ಈ ಒಡೆತನವೇ ಬಂಡವಾಳವಾಯಿತೆಂದು ನನ್ನ ಮತ.

ದೆಹಲಿಯಲ್ಲಿ ಅಂದು ನಾಯಕರ ಚಿತ್ರಗಳನ್ನು ತೆಗೆಯುತ್ತಿದ್ದವರು ಸಣ್ಣದೊಂದು ಬಳಗ. ಪಾರ್ಸಿ ಮಹಿಳೆ ಹೋಮೈ ವ್ಯಾರವಾಲಾ (1913–2012) ಅವರಲ್ಲಿ ಅಗ್ರಗಣ್ಯರು. ಸೀರೆಯುಟ್ಟು, ಭಾರವಾದ ಕ್ಯಾಮರಾ ಹೊತ್ತು ಸೈಕಲ್ಲಿನ ಮೇಲೆ ಸಂಚರಿಸುತ್ತಿದ್ದ ಅವರು 1970ರಲ್ಲಿ ವೃತ್ತಿಯನ್ನೇ ತ್ಯಜಿಸಿದರು. ಮೈಸೂರಿನವರೇ ಆದ ಟಿ. ಎಸ್. ನಾಗರಾಜನ್ ಕೇಂದ್ರ ಸರ್ಕಾರದ ಸೇವೆಯಲ್ಲಿದ್ದು, ಮುಂದೆ ಭಾರತದ ಹಳೆಯ ಮನೆಗಳ ಒಳಾಂಗಣಗಳನ್ನು ಚಿತ್ರಿಸುವುದನ್ನೇ ವ್ರತವಾಗಿ ಹಿಡಿದರು. ಪುಟ್ಟ ಮೈಸೂರು ಇಂಥ ಇಬ್ಬರನ್ನು ಒದಗಿಸಿತೆಂಬುದು ಹೆಮ್ಮೆಯ ವಿಷಯವೇ ಸರಿ.

ಈ ಬಳಗದ ಪಾಲಿಗೆ ನೆಹರೂ ಅವರಂಥ ನಾಯಕರು ದೊರೆತುದು ಭಾಗ್ಯವೂ ಹೌದು, ಬಂಧನವೂ ಹೌದು. ಮಕ್ಕಳ ನಡುವೆ, ಜನಸಂದಣಿಯಲ್ಲಿ, ಕೋಪದಲ್ಲಿ, ನಗುವಿನಲ್ಲಿ ಅವರ ಮುಖ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಕ್ಯಾಮರಾ ಎಲ್ಲಿದೆಯೆಂಬ ಅರಿವೂ ಅವರಿಗೆ ಚೆನ್ನಾಗಿತ್ತು. ಇಂಥವರನ್ನು ಚಿತ್ರಿಸುವುದು ಸುಲಭ, ಆದ್ದರಿಂದಲೇ ಕಷ್ಟ. 1964ರ ಮೇ 27ರಂದು ಅವರು ತೀರಿಕೊಂಡಾಗ ಉಳಿದ ಸಾವಿರಾರು ಚಿತ್ರಗಳಲ್ಲಿ ಬಹುಭಾಗ ಒಂದನ್ನೊಂದು ಹೋಲುತ್ತವೆ. ನಮ್ಮ ಊರಿನ ಹತ್ತಿರದ ನಿದರ್ಶನವನ್ನೇ ತೆಗೆದುಕೊಳ್ಳಬಹುದು. 1955ರ ಜನವರಿಯಲ್ಲಿ ಆವಡಿಯಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನ ನೆರೆದು, ಸಮಾಜವಾದೀ ಮಾದರಿಯ ಸಮಾಜ ರಚನೆಯ ನಿರ್ಣಯವನ್ನು ಅಂಗೀಕರಿಸಿತು. ಅಂಥ ಅಧಿವೇಶನದ ಚಿತ್ರವೆಂದರೆ ವೇದಿಕೆಯ ಚಿತ್ರವೆಂದೇ ನಮ್ಮ ಭಾವನೆ. ವೇದಿಕೆಯ ಮೇಲಿದ್ದವರು ಯಾರೆಂಬುದಕ್ಕೆ ಮರುದಿನದ ಪತ್ರಿಕೆಯ ವರದಿಯೇ ಸಾಕು. ಚಿತ್ರದಿಂದ ಹೊಸದಾಗಿ ತಿಳಿಯುವುದು ಅಲ್ಪ. ಚಪ್ಪರ ಕಟ್ಟಿದವರು, ನೀರು ಹೊತ್ತವರು, ಬಿಸಿಲಿನಲ್ಲಿ ಕಾದು ಕುಳಿತವರು ಹೇಗಿದ್ದರೆಂಬುದನ್ನು ಮಾತ್ರ ಯಾವ ವರದಿಯೂ ಹೇಳುವುದಿಲ್ಲ. ಛಾಯಾಚಿತ್ರ ಅನನ್ಯ ಆಕರವಾಗುವುದು ಅಲ್ಲಿ.

ಸತ್ಯನ್ ಈ ಸತ್ಯವನ್ನು ಕಂಡುಕೊಂಡರೆಂಬುದೇ ಅವರ ವೃತ್ತಿಜೀವನದ ಮುಖ್ಯ ಸಂಗತಿ. ನಾಯಕರನ್ನು ಅವರು ಬಿಡಲಿಲ್ಲ. ಆದರೆ ಚಿತ್ರದ ನಡುವೆ ಇದ್ದ ನಾಯಕರಿಂದ ಅಂಚಿನಲ್ಲಿದ್ದ ಜನರ ಕಡೆಗೆ ಅವರ ದೃಷ್ಟಿ ವರ್ಷವರ್ಷಕ್ಕೆ ಸರಿಯಿತು. ಆಟವಾಡುವ ಮಕ್ಕಳು, ಶಾಲೆಯ ಜಗಲಿ, ಬೀದಿಯ ಕಸುಬುದಾರರು, ಕಂಕುಳಲ್ಲಿ ಕೂಸನ್ನೆತ್ತಿದ ತಾಯಿ ಇವರೇ ಅವರ ಕಪ್ಪುಬಿಳುಪು ಚಿತ್ರಗಳ ನಿಜವಾದ ನಾಯಕರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿಡುಬಿನ ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. ಭಾರತದಲ್ಲಿ ಸಿಡುಬು ಕಡೆಯ ಬಾರಿ ಕಾಣಿಸಿಕೊಂಡುದು 1975ರಲ್ಲಿ. ದೇಶ ಅದರಿಂದ ಮುಕ್ತವಾಯಿತೆಂಬ ಘೋಷಣೆ 1977ರಲ್ಲಿ. ಊರಮ್ಮನಿಗೆ ಬೇವಿನ ಸೊಪ್ಪು ಕಟ್ಟಿ ಕಾಪಾಡೆಂದು ಬೇಡಿಕೊಂಡ ಪೀಳಿಗೆಗಳ ಭಯ ಹೇಗಿತ್ತೆಂಬುದನ್ನು ಮುಂದಿನವರಿಗೆ ತಿಳಿಸಬಲ್ಲುವು ಇಂಥ ಚಿತ್ರಗಳೇ. ರೋಗವೇ ಅಳಿದ ಮೇಲೆ ಇನ್ನೊಮ್ಮೆ ಅವನ್ನು ತೆಗೆಯುವಂತಿಲ್ಲ. 1977ರಲ್ಲಿಯೇ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯೂನಿಸೆಫ್ ಆಶ್ರಯದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಾರ್ಯಾಲಯದಲ್ಲಿ ಪ್ರದರ್ಶಿತವಾದುದು ಅವರು ತೆಗೆದ ಮಕ್ಕಳ ಚಿತ್ರಗಳು. ರಾಷ್ಟ್ರನಾಯಕರು ಬಂದು ಹೋಗುವ ಆ ಸೌಧದ ಗೋಡೆಗಳ ಮೇಲೆ ಮೈಸೂರಿನ ಛಾಯಾಗ್ರಾಹಕರು ಮೆರೆಸಿದುದು ಹೆಸರಿಲ್ಲದ ಮಕ್ಕಳನ್ನು.

ಇವರ ಚಿತ್ರಗಳೆಲ್ಲ ಸಮನಾದ ತೂಕದವೆಂದು ನಾನು ಹೇಳಲಾರೆ. ಬಡತನವನ್ನು ಸುಂದರವಾಗಿ ಕಾಣಿಸುವ ಅಪಾಯ ಈ ಮಾರ್ಗದಲ್ಲಿ ಇದ್ದೇ ಇದೆ. ವಿದೇಶೀ ಪತ್ರಿಕೆಗಳಿಗೆ ಭಾರತದಿಂದ ಬೇಕಾಗಿದ್ದುದು ಎಂಥ ಚಿತ್ರಗಳೆಂಬುದೂ ನಮಗೆ ತಿಳಿಯದ್ದಲ್ಲ. ಆದರೆ ಸತ್ಯನ್ ಅವರ ಚಿತ್ರಗಳ ಜನ ದೈನ್ಯದಿಂದ ನಮ್ಮ ಕಡೆ ಕೈಚಾಚುವವರಲ್ಲ. ತಮ್ಮ ಕೆಲಸದಲ್ಲೋ ಆಟದಲ್ಲೋ ಮುಳುಗಿದವರು, ಇಲ್ಲವೆ ನಗುವವರು. ಈ ಸೌಜನ್ಯ ಅವರಿಗೆ ಎಲ್ಲಿಂದ ಬಂದಿತೆಂಬುದಕ್ಕೆ ಅವರ ಸ್ನೇಹವರ್ಗವನ್ನು ನೋಡಬೇಕು. ಆರ್. ಕೆ. ನಾರಾಯಣ್ ಅವರಿಗೆ ಆಪ್ತಮಿತ್ರರು. 1906ರಲ್ಲಿ ಮದರಾಸಿನ ಪುರಸವಾಕ್ಕಂನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿ, 2001ರಲ್ಲಿ ಚೆನ್ನೈಯಲ್ಲಿಯೇ ತೀರಿಕೊಂಡ ಆ ಕಾದಂಬರಿಕಾರರು ಮೈಸೂರಿನ ಬೀದಿಗಳಲ್ಲಿ ನಿತ್ಯ ನಡೆದು, ಅಂಗಡಿಯವರೊಡನೆ, ವಕೀಲರೊಡನೆ ಹರಟಿ, ತಮ್ಮ ಪಾತ್ರಗಳನ್ನು ಹೆಕ್ಕಿದವರು. ನಾರಾಯಣರ ಭಾವಚಿತ್ರಗಳನ್ನು ಸತ್ಯನ್ ಅನೇಕ ಸಲ ತೆಗೆದರು. ಆದರೆ ಒಬ್ಬರು ಇನ್ನೊಬ್ಬರಿಂದ ಪಡೆದುದು ಅದಕ್ಕಿಂತ ಹೆಚ್ಚಿನದೆಂದು ತೋರುತ್ತದೆ. ಇನ್ನೊಬ್ಬ ಮಿತ್ರರು ಎಚ್. ವೈ. ಶಾರದಾಪ್ರಸಾದ್; ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಅವರ ಬರಹ ಮತ್ತು ಸತ್ಯನ್ ಅವರ ಚಿತ್ರಗಳು ಕೂಡಿ 1981ರಲ್ಲಿ ಕರ್ನಾಟಕವನ್ನು ಕುರಿತ ಇಂಗ್ಲಿಷ್ ಗ್ರಂಥವೊಂದು ಹೊರಬಂದಿತು.

ದೆಹಲಿಯ ದೀರ್ಘವಾಸದ ಅನಂತರ ಸತ್ಯನ್ ಮೈಸೂರಿಗೆ ಹಿಂದಿರುಗಿದರು. ಚಿತ್ರಪತ್ರಿಕೆಗಳ ಕಾಲ ಅಷ್ಟರಲ್ಲಿ ಇಳಿಮುಖವಾಗಿತ್ತು. 'ಲೈಫ್' ವಾರಪತ್ರಿಕೆ 1972ರಲ್ಲಿಯೇ ನಿಂತಿತ್ತು, 'ಇಲಸ್ಟ್ರೇಟೆಡ್ ವೀಕ್ಲಿ' 1993ರಲ್ಲಿ ನಿಂತಿತು. ಈ ಅವಧಿಯಲ್ಲಿ ಅವರು ಲೇಖನಿಯನ್ನು ಹಿಡಿದುದು ನಮ್ಮ ಪುಣ್ಯ. 2005ರಲ್ಲಿ ಇಂಗ್ಲಿಷಿನಲ್ಲಿ 'ಅಲೈವ್ ಅಂಡ್ ಕ್ಲಿಕಿಂಗ್' ಎಂಬ ಆತ್ಮಕಥನ ಪ್ರಕಟವಾಯಿತು. ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಬಂದಿತು. ಚಿತ್ರವನ್ನು ತೆಗೆದವನೇ ಅದರ ಸಂದರ್ಭವನ್ನು ಬರೆದಿಡುವುದು ಶಾಸನ ಕೊರೆದ ರೂವಾರಿಯೇ ಟಿಪ್ಪಣಿಯನ್ನೂ ಕೊಟ್ಟಂತೆ. ಅವರು 2009ರ ಡಿಸೆಂಬರ್ 13ರಂದು, ಎಂಬತ್ತಾರು ತುಂಬಲು ಐದು ದಿನಗಳಿರುವಾಗ, ಮೈಸೂರಿನಲ್ಲಿಯೇ ಕಾಲವಾದರು.

ಇವರಂತೆ ಎಲ್ಲರ ಪಾಡೂ ಸುಖಾಂತವಾಗಲಿಲ್ಲ. ದೆಹಲಿಯ ಕುಲವಂತ ರಾಯ್ (1914–1984) ಗಾಂಧೀಜಿ, ನೆಹರೂ, ಪಟೇಲ್, ಜಿನ್ನಾ ಎಲ್ಲರನ್ನೂ ಸಮೀಪದಿಂದ ಚಿತ್ರಿಸಿದವರು. 1958ರಲ್ಲಿ ಲೋಕಪರ್ಯಟನಕ್ಕೆ ಹೊರಟು, ತೆಗೆದ ನೆಗೆಟಿವ್‌ಗಳನ್ನು ಅಲ್ಲಲ್ಲಿಂದ ತಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತ ಹೋದರು. ಹಿಂದಿರುಗಿ ನೋಡಿದರೆ ಅವು ಬಂದಿರಲಿಲ್ಲ. ಊರಿನ ಕಸದ ತಿಪ್ಪೆಗಳಲ್ಲಿ ಅವರು ಅವನ್ನು ಹುಡುಕಿಕೊಂಡು ಅಲೆದರೆಂಬುದನ್ನು ಓದಿದಾಗ ಮನಸ್ಸು ಕಲಕುತ್ತದೆ. ಉಳಿದ ಚಿತ್ರಗಳು ಪೆಟ್ಟಿಗೆಗಳಲ್ಲಿ ಬಿದ್ದಿದ್ದು, ಅವರ ಮರಣಾನಂತರ ಎಷ್ಟೋ ವರ್ಷಗಳ ಮೇಲೆ, ಅವರನ್ನು ಬಾಲ್ಯದಿಂದ ಬಲ್ಲ ಛಾಯಾಗ್ರಾಹಕ ಆದಿತ್ಯ ಆರ್ಯ ಅವರಿಂದ ಬೆಳಕಿಗೆ ಬಂದವು. ಚೆನ್ನೈಗೆ ಸಂಬಂಧಿಸಿದ ಇನ್ನೊಂದು ನಿದರ್ಶನವುಂಟು. ಎ. ಕೆ. ಚೆಟ್ಟಿಯಾರ್ ಅವರು ದೇಶ ವಿದೇಶಗಳಲ್ಲಿ ಅಲೆದು, ಅನೇಕರು ತೆಗೆದಿದ್ದ ಸುಮಾರು 50,000 ಅಡಿ ಫಿಲ್ಮನ್ನು ಕಲೆಹಾಕಿ, ಗಾಂಧೀಜಿಯವರನ್ನು ಕುರಿತ ಸಾಕ್ಷ್ಯಚಿತ್ರವನ್ನು 1940ರಲ್ಲಿ ತೆರೆಗೆ ತಂದರು. ಅಷ್ಟು ಶ್ರಮದ ಕೃತಿಯ ಮೂಲ ತಮಿಳು ರೂಪವೇ ಕಳೆದುಹೋಗಿ, 1953ರ ಸಂಕ್ಷಿಪ್ತ ಇಂಗ್ಲಿಷ್ ರೂಪವನ್ನು ವಿದ್ವಾಂಸರು ಅಮೆರಿಕದಲ್ಲಿ ಪತ್ತೆಹಚ್ಚಬೇಕಾಯಿತು.

ದೊಡ್ಡವರ ಚಿತ್ರಗಳ ಗತಿಯೇ ಹೀಗಾದರೆ ನಮ್ಮಂಥ ಸಂಘಗಳ ಚಿತ್ರಗಳ ಗತಿಯೇನು? ಹೋದ ವರ್ಷ ಇಲ್ಲಿನ ಕನ್ನಡಿಗರ ಸಂಸ್ಥೆಯೊಂದರ ಬೀರುವಿನಲ್ಲಿ ಹಳೆಯ ಆಲ್ಬಮ್ ಒಂದನ್ನು ನೋಡುವ ಅವಕಾಶ ನನಗೆ ಒದಗಿತು. ಕಪ್ಪು ಹಾಳೆಗಳು, ಮೂಲೆಗಳಲ್ಲಿ ಅಂಟಿಸಿದ ಚಿತ್ರಗಳು, ಹೆಸರಿಲ್ಲ, ತಾರೀಖಿಲ್ಲ. ತಾರೀಖಿಲ್ಲದ ಚೆಕ್ಕನ್ನು ನಮ್ಮ ಬ್ಯಾಂಕಿನಲ್ಲಿ ಹಿಂದಿರುಗಿಸಿಬಿಡುತ್ತೇವೆ. ಚರಿತ್ರಕಾರನಿಗೆ ಆ ಅನುಕೂಲವಿಲ್ಲ. ಅವನೇ ತಾರೀಖನ್ನು ಹುಡುಕಬೇಕು. ಲಿಪಿಯಿಂದ ಶಾಸನದ ಕಾಲವನ್ನು ಊಹಿಸುವಂತೆ ಇಲ್ಲಿಯೂ ಉಪಾಯಗಳಿವೆ. ಚಿತ್ರದ ಬೆನ್ನಿನ ಮೇಲೆ ಸ್ಟುಡಿಯೋದ ಮೊಹರಿದ್ದು, ಅದರಲ್ಲಿ 'ಮದರಾಸು-2' ಎಂಬಂತೆ ಅಂಚೆ ವಲಯದ ಒಂಟಿ ಅಂಕಿ ಇದ್ದರೆ ಅದು ಬಹುಮಟ್ಟಿಗೆ 1972ರ ಆಗಸ್ಟಿಗಿಂತ ಹಿಂದಿನದು. ಆರಂಕಿಯ ಪಿನ್ ಸಂಖ್ಯೆ ಬಂದುದು ಆಗ. ಹಿಂದಿನ ಬಟ್ಟೆಯ ಫಲಕದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲಿನ ಸಮಾರಂಭ. 'ಮದರಾಸು ರಾಜ್ಯ' ಎಂದಿದ್ದರೆ 1969ರ ಜನವರಿಗಿಂತ ಹಿಂದೆ ಹೋಗಬೇಕು. ಮೊಹರನ್ನು ಬದಲಿಸದೆ ವರ್ಷಗಟ್ಟಲೆ ಹಳೆಯದನ್ನೇ ಒತ್ತುವ ಅಂಗಡಿಯವರೂ ಇರುತ್ತಾರಾದ್ದರಿಂದ ಒಂದೇ ಸಾಕ್ಷ್ಯವನ್ನು ನೆಚ್ಚಬಾರದು.

ಆ ಆಲ್ಬಮ್ಮಿನಲ್ಲಿ ಮಂತ್ರಿಯೊಬ್ಬರಿಗೆ ಹಾರ ಹಾಕುವ ಚಿತ್ರವೊಂದಿತ್ತು. ತೊಂಬತ್ತು ದಾಟಿದ ಹಿರಿಯ ಸದಸ್ಯರೊಬ್ಬರ ಮನೆಗೆ ಅದನ್ನು ಕೊಂಡೊಯ್ದೆ. ಮಂತ್ರಿಗಳು ಯಾರೆಂದು ಕೇಳಿದೆ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಅವರು ಯಾರೋ ಜ್ಞಾಪಕವಿಲ್ಲಪ್ಪ. ಹಾರದ ತಟ್ಟೆ ಹಿಡಿದಿದ್ದಾನಲ್ಲ, ಅವನು ನಮ್ಮ ಅಡಿಗೆಯವನು. ಅಂದು ಮುನ್ನೂರು ಜನಕ್ಕೆ ಬಿಸಿಬೇಳೆ ಮಾಡಿದ್ದ. ಮಂತ್ರಿಗಳ ಕಾರು ಬಂದಿತೆಂದು ಸೌಟು ಬಿಟ್ಟು ಓಡಿಬಂದು ನಿಂತ, ಹೆಗಲ ಮೇಲಿನ ವಸ್ತ್ರ ನೋಡು" ಎಂದರು. ಆಮೇಲೆ ಬೆರಳನ್ನು ಎಡದ ಅಂಚಿಗೆ ಸರಿಸಿ, ಒಬ್ಬೊಬ್ಬರದಾಗಿ ನಾಲ್ವರ ಹೆಸರನ್ನೂ, ಅವರು ಯಾವ ಕಚೇರಿಯಲ್ಲಿದ್ದರು, ಯಾವ ಬೀದಿಯಲ್ಲಿ ವಾಸವಾಗಿದ್ದರು ಎಂಬುದನ್ನೂ ಹೇಳಿದರು. ಮಂತ್ರಿಗಳ ಹೆಸರನ್ನು ಹಳೆಯ ಪತ್ರಿಕೆಯಲ್ಲಿ ಅರ್ಧ ಗಂಟೆಯಲ್ಲಿ ಪತ್ತೆಮಾಡಬಹುದು. ಈ ಐವರು ಇನ್ನಾವ ದಾಖಲೆಯಲ್ಲಿಯೂ ಸಿಕ್ಕುವವರಲ್ಲ.

ಬಾಲ್‌ಪೆನ್ನಿನ ಶಾಯಿ ಮುಂದಿನ ಮುಖಕ್ಕೆ ಸೋರುವ ಭಯವಿರುವುದರಿಂದ ಮೆತ್ತನೆಯ ಸೀಸದಕಡ್ಡಿಯಿಂದ, ಒತ್ತದೆ, ಚಿತ್ರದ ಹಿಂಬದಿಯಲ್ಲಿ ಆ ಐದು ಹೆಸರುಗಳನ್ನೂ, ಹೇಳಿದವರ ಹೆಸರನ್ನೂ, ಆ ದಿನದ ತಾರೀಖನ್ನೂ ಬರೆದೆ. ಬಲಗಡೆ ಕಂಬಕ್ಕೆ ಒರಗಿ ನಿಂತ ಇಬ್ಬರು ಹುಡುಗರನ್ನು ಅವರು ಗುರುತಿಸಲಿಲ್ಲ. ಅವರ ಕಿರಿಯ ತಮ್ಮ ಬೆಂಗಳೂರಿನಿಂದ ಬರುವವರಿದ್ದಾರೆ. ಚಿತ್ರವನ್ನು ಇನ್ನೊಮ್ಮೆ ತರಬೇಕೆಂದು ಹೇಳಿ ಕಳಿಸಿದ್ದಾರೆ.